ಸವಾರನನ್ನು ಹುಡುಕಿಕೊಟ್ಟ ಗುಮಾಸ್ತರು

ಹೋದ ವಾರ ಹೆಂಡತಿ ಚಳಿಗಾಲದ ದುಪ್ಪಟಿಗಳನ್ನು ಬಿಸಿಲಿಗೆ ಹಾಕಲೆಂದು ಪೆಟ್ಟಿಗೆ ತೆಗೆದಳು. ಮಡಿಕೆಗಳ ನಡುವಿನಿಂದ ಒಣಗಿದ ಬೇವಿನ ಎಲೆ ಪುಡಿಪುಡಿಯಾಗಿ ಉದುರಿತು. ಧೂಳು ಬೆರೆತ ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಳ್ಳಾರಿ ಕೋಟೆಗುಡ್ಡದ ಕೆಳಗಿನ ಓಣಿಯೊಂದರ ಮನೆ ಕಣ್ಣ ಮುಂದೆ ಬಂತು. ಆ ಮನೆಯಲ್ಲಿ ಕಾಗದದ ಪ್ರತಿ ಕಟ್ಟಿನೊಳಗೂ ಬೇವಿನ ಎಲೆ ಇರುತ್ತಿತ್ತು. ಹುಳ ಹಿಡಿಯಬಾರದೆಂದು ಅದನ್ನು ಇಡುತ್ತಿದ್ದವರು ಗುಮಾಸ್ತರು...

ಸರಕಾರಿ ಕಚೇರಿಯ ಹಳೆಯ ದಾಖಲೆಗಳ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದ ಅವರನ್ನು ಓಣಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು. ನಾನು ಮೊದಲ ಸಲ ಹೋದಾಗ ಅವರಿಗೆ ಎಪ್ಪತ್ತರ ಹತ್ತಿರ. ಹಣೆಯ ಮೇಲೆ ಅಂಗಾರದ ಗೆರೆ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ನಾನಾಗ ಬಳ್ಳಾರಿಯ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದೆ. ಇಪ್ಪತ್ತು ವರ್ಷದ ಹಿಂದಿನ ಮಾತು.

ನಾನು ಹೋದದ್ದು ನನ್ನ ಅಜ್ಜಿಯ ಸಲುವಾಗಿ. ನಮ್ಮದು ಸಿರುಗುಪ್ಪದಲ್ಲಿ ಹತ್ತಿ ಹಿಂಜಿ ಗಾದಿ ಮಾಡುವ ಮನೆತನ. ಅಜ್ಜಿಯ ಅಪ್ಪ ಮಾತ್ರ ಹಿಂಜುವ ಬಿಲ್ಲನ್ನು ಗೋಡೆಗೆ ತೂಗುಹಾಕಿ, ಹೊಳೆ ದಾಟಿ, ನಿಜಾಮರ ಸೀಮೆಗೆ ಹೋಗಿ ಕುದುರೆ ಪಡೆ ಸೇರಿದ್ದರು. ಅಜ್ಜಿಗೆ ನಾಲ್ಕು ವರ್ಷವಿದ್ದಾಗ, ನಲವತ್ತೆಂಟರಲ್ಲಿ, ಆ ಪಡೆ ಭಾರತದ ಸೇನೆಗೆ ಸೋತು ಶರಣಾಯಿತು. ಸವಾರ ತಿರುಗಿ ಬರಲಿಲ್ಲ. ಬೇರೆ ಹೆಂಡತಿಯನ್ನು ಕಟ್ಟಿಕೊಂಡು ಪಾಕಿಸ್ತಾನಕ್ಕೆ ಓಡಿಹೋದನೆಂದು ಕೆಲವರು ಆಡಿಕೊಂಡರು. ಶರಣಾಗುವ ಮೊದಲು ಹೊಳೆಯಾಚೆ ಹಳ್ಳಿಗಳನ್ನು ಸುಟ್ಟವರ ಗುಂಪಿನಲ್ಲಿದ್ದ, ಅದಕ್ಕೇ ಮುಖ ತೋರಿಸಲಿಲ್ಲ ಎಂದು ಇನ್ನು ಕೆಲವರು. ಈ ಎರಡೂ ಮಾತನ್ನು ಕೇಳುತ್ತಲೇ ಅಜ್ಜಿ ಮುದುಕಿಯಾದಳು. ನಮ್ಮ ಮನೆಯಲ್ಲಿ ಸತ್ತವರೆಲ್ಲರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಫಾತಿಹಾ ಓದಿಸುತ್ತಿದ್ದೆವು. ಅಪ್ಪನ ಹೆಸರಿನಲ್ಲಿ ಮಾತ್ರ ಅಜ್ಜಿ ಓದಿಸುತ್ತಿರಲಿಲ್ಲ. ಸತ್ತಿದ್ದಾನೋ ಇಲ್ಲವೋ ಗೊತ್ತಿಲ್ಲದವನಿಗೆ ಹೇಗೆ ಓದಿಸುವುದು ಎನ್ನುತ್ತಿದ್ದಳು. ಆ ವರ್ಷ ಆಕೆಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಬಂದವಳೇ, ದಿಂಬಿನ ಹತ್ತಿಯೊಳಗೆ ಬಚ್ಚಿಟ್ಟಿದ್ದ ಒಂದು ಫೋಟೋ ತೆಗೆದು ನನ್ನ ಕೈಯಲ್ಲಿಟ್ಟಳು. ಅಲ್ಲಿಯವರೆಗೆ ಅದನ್ನು ನಾಚಿಕೆಗೋ ಹೆದರಿಕೆಗೋ ಯಾರಿಗೂ ತೋರಿಸಿರಲಿಲ್ಲ. ಕುದುರೆಯ ಪಕ್ಕ ನಿಂತ ತೆಳ್ಳನೆಯ ಒಬ್ಬ ಮನುಷ್ಯ. ಫೋಟೋದ ಹಿಂದೆ ಮಾಸಿದ ಪೆನ್ಸಿಲ್ ಅಕ್ಷರ.

ಬಳ್ಳಾರಿಯ ಕಚೇರಿಯಲ್ಲಿ ಜವಾನನೊಬ್ಬ ನನ್ನ ಮಾತು ಕೇಳಿ, ಇಂಥದ್ದಕ್ಕೆಲ್ಲ ಹಳೆಯ ಗುಮಾಸ್ತರೇ ಸೈ ಎಂದು ಮನೆಯ ಗುರುತು ಹೇಳಿದ. ಗುಮಾಸ್ತರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಫೋಟೋ ತಿರುಗಿಸಿ, ಹಿಂದಿನ ಉರ್ದುವನ್ನು ತಡವರಿಸದೆ ಓದಿಬಿಟ್ಟರು. ಸವಾರನ ಹೆಸರು, ಅವನ ಅಪ್ಪನ ಹೆಸರು, ಅವನಿದ್ದ ರಿಸಾಲೆಯ, ಅಂದರೆ ಕುದುರೆ ದಂಡಿನ, ಹೆಸರು. ಅದರ ಕೆಳಗೆ, ‘ಹತ್ತಿ ಬಿಡಿಸುವ ಹೊತ್ತಿಗೆ ರಜೆಯ ಮೇಲೆ ಬರುತ್ತೇನೆ, ಮಗಳಿಗೆ ಹೇಳು.’

ನಿಮಗೆ ಉರ್ದು ಹೇಗೆ ಬರುತ್ತದೆ ಎಂದು ಕೇಳಿದೆ. ಸಣ್ಣವನಿದ್ದಾಗ ಸಾಲಿಯಲ್ಲಿ ಕಲಿತೆ ಎಂದಷ್ಟೇ ಹೇಳಿ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪ್ರಶ್ನೆಗಳನ್ನು ಬರೆಯತೊಡಗಿದರು. ಸವಾರ ಯಾವ ಕಡೆಯಿಂದ ಹೊಳೆ ದಾಟಿ ಹೋದ? ಯಾವ ತಿಂಗಳು? ಊರಿನಲ್ಲಿ ಸ್ನೇಹಿತರು ಯಾರಿದ್ದರು? ನನಗೆ ಗೊತ್ತಿದ್ದುದು ಕಡಿಮೆ. ಬಹುಶಃ ಕೆಂಚನಗುಡ್ಡದ ಹತ್ತಿರ ದಾಟಿರಬೇಕು ಎಂದು ಶುರುಮಾಡಿದರೆ ಕೈ ಎತ್ತಿ ತಡೆದರು.

“ಅಂದಾಜು ಬ್ಯಾಡ ತಮ್ಮಾ. ಗೊತ್ತಿದ್ರ ಹೇಳು, ಇಲ್ಲಂದ್ರ ಗೊತ್ತಿಲ್ಲ ಅನ್ನು.”

ಆಮೇಲೆ ಸುಮಾರು ಎಂಟು ತಿಂಗಳು ನನ್ನ ವಾರದ ರಜೆಗಳೆಲ್ಲ ಅವರ ಜೊತೆ ಕಳೆದವು. ಹೈದರಾಬಾದಿಗೆ ಅವರೇ ಕಾಗದ ಬರೆದರು. ಹೆಸರು ಪಡೆಯ ಪಟ್ಟಿಯಲ್ಲಿದೆ, ಶರಣಾದ ದಿನದ ನಂತರ ಏನೂ ಇಲ್ಲ ಎಂದು ಉತ್ತರ ಬಂತು. ನನಗೆ ನಿರಾಸೆಯಾಯಿತು. ಅವರಿಗಾಗಲಿಲ್ಲ. ಸೋತ ಸೈನಿಕ ಹೋಗುವುದಾದರೂ ಎಲ್ಲಿಗೆ, ಮನೆಗೇ ಅಲ್ಲವೇ ಎಂದರು. ಹೊಳೆಯ ಈಚೆಗಿನ ಊರುಗಳ ಜನನ ಮರಣದ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ನೋಡತೊಡಗಿದೆವು. ಸಿರುಗುಪ್ಪ ಮುಗಿಯಿತು, ತೆಕ್ಕಲಕೋಟೆ ಮುಗಿಯಿತು, ಸಿರಿಗೇರಿಯೂ ಮುಗಿಯಿತು. ಒಂದು ಬೆಳಿಗ್ಗೆ ಗುಮಾಸ್ತರು, ಸಿರುಗುಪ್ಪದ ದಡದಲ್ಲಿ ಆಗ ಪೊಲೀಸರ ಕಾವಲು ಇದ್ದಿರಬೇಕು, ನಾನಾಗಿದ್ದರೆ ಕಂಪ್ಲಿಯ ಹತ್ತಿರ ದಾಟಿ ಕುರುಗೋಡಿನ ಮೇಲೆ ಸುತ್ತಿ ಬರುತ್ತಿದ್ದೆ ಎಂದರು. ಹೇಳಿ, ತಾವೇ ನಕ್ಕರು. ಅಂದಾಜು ಬೇಡವೆಂದವರು ಅವರೇ ಅಲ್ಲವೇ!

ಕುರುಗೋಡಿನ ಪುಸ್ತಕದಲ್ಲಿ ಆ ಸಾಲು ಸಿಕ್ಕಿತು. ಪರವೂರಿನವ, ಸಿರುಗುಪ್ಪದ ಪಿಂಜಾರ, ಸವಾರ, ವಾಂತಿಭೇದಿಯಿಂದ ಮರಣ, ಊರ ಮುಸಲ್ಮಾನರಿಂದ ದಫನ. ಹೆಸರು ಅದೇ. ನಾನು ಎದ್ದು ನಿಂತುಬಿಟ್ಟೆ. ಗುಮಾಸ್ತರು ಮಾತ್ರ ನನ್ನನ್ನು ಕೂರಿಸಿ, ಫೋಟೋದ ಹಿಂದಿನ ಅಪ್ಪನ ಹೆಸರಿಗೂ ಪುಸ್ತಕದ ಅಪ್ಪನ ಹೆಸರಿಗೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ಆಮೇಲೆಯೇ ಕನ್ನಡಕ ತೆಗೆದದ್ದು.

“ಈ ಊರಾಗ ಅವರನ್ನ ಯಾರೂ ಬಲ್ಲವರಿರಲಿಲ್ಲ. ಆದ್ರೂ ಅಪ್ಪನ ಹೆಸರು, ಊರು, ಎಲ್ಲಾ ಬರಕೊಂಡಾರ. ಅಂದ್ರ ಸಾಯೋಕಿಂತ ಮೊದಲು ಅವರೇ ಹೇಳ್ಯಾರ ತಮ್ಮಾ.”

ಅಲ್ಲಿಂದ ನಮ್ಮ ಮನೆಗೆ ಒಂದು ದಿನದ ನಡಿಗೆ. ಪುಸ್ತಕದಲ್ಲಿದ್ದ ತಾರೀಖಿನ ಹೊತ್ತಿಗೆ ಹೊಲದಲ್ಲಿ ಹತ್ತಿ ಇನ್ನೂ ಹೂ ಬಿಟ್ಟಿರುವುದಿಲ್ಲ...

ಅಜ್ಜಿಗೆ ನೀನೇ ಹೇಳು ಎನ್ನುತ್ತಾರೆಂದುಕೊಂಡಿದ್ದೆ. ಅವರು ತಾವೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಬಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಆ ಸಾಲನ್ನು ಎರಡು ಸಲ ಓದಿದರು. ಅಜ್ಜಿ ಅಳಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮನೆಗೇ ಬರುತ್ತಿದ್ದನೇ ಎಂದು ಕೇಳಿದಳು. ಆ ದಾರಿ ಇಲ್ಲಿಗೇ ಬರುವುದು ಎಂದರು ಗುಮಾಸ್ತರು. ಅಜ್ಜಿ ಮತ್ತೆ ಕೇಳಿದಳು.

“ಇನ್ನೊಂದು ಕೇಳ್ತೀನ್ರಿ, ಸುಳ್ಳು ಹೇಳಬ್ಯಾಡ್ರಿ. ನಮ್ಮಪ್ಪ ಊರು ಸುಟ್ಟೋರ ಜೋಡಿ ಇದ್ನೇನ್ರಿ?”

ಇರಲಿಲ್ಲ ಎಂದುಬಿಡಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಅವರು ಅನ್ನಲಿಲ್ಲ.

“ಇದ್ದ ಅಂತನೂ ಕಾಗದದಾಗ ಇಲ್ಲವ್ವ, ಇರಲಿಲ್ಲ ಅಂತನೂ ಇಲ್ಲ. ನನಗ ಗೊತ್ತಿಲ್ಲದ್ದು ನಾ ಹೇಳಂಗಿಲ್ಲ.”

ಆಮೇಲೆ, ಎಂಟು ತಿಂಗಳಲ್ಲಿ ನನಗೆ ಒಮ್ಮೆಯೂ ಹೇಳದಿದ್ದುದನ್ನು ನಿಧಾನವಾಗಿ ಅಜ್ಜಿಗೆ ಹೇಳಿದರು. ಅವರು ಹುಟ್ಟಿದ್ದು ಹೊಳೆಯ ಆಚೆಯ ಹಳ್ಳಿಯಲ್ಲಿ. ಹತ್ತು ವರ್ಷದವರಿದ್ದಾಗ ಅವರ ಮನೆಗೆ ಬೆಂಕಿ ಬಿತ್ತು. ದನಗಳ ಕಣ್ಣಿ ಬಿಚ್ಚಿ ಬರುತ್ತೇನೆಂದು ಅಪ್ಪ ಹಿಂದೆ ಉಳಿದರು. ಅವ್ವ ಮಗನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಈ ದಡಕ್ಕೆ ಬಂದಳು. ಅಪ್ಪ ಬರಲೇ ಇಲ್ಲ. ಬೆಂಕಿ ಇಟ್ಟವರನ್ನು ನಾನು ನೋಡಲಿಲ್ಲ, ಜೋಳದ ಹೊಲದಲ್ಲಿ ಬೋರಲು ಮಲಗಿದ್ದೆ ಎಂದರು. ಅವರ ಉರ್ದು ನಿಜಾಮರ ಸೀಮೆಯ ಸಾಲಿಯದೆಂದು ನನಗೆ ಆಗ ಹೊಳೆಯಿತು. ತಲೆ ಎತ್ತಲಾಗಲಿಲ್ಲ.

“ಇಷ್ಟೆಲ್ಲಾ ಆದಮ್ಯಾಲೆ ನಮ್ಮಪ್ಪನ್ನ ಯಾಕ ಹುಡುಕಿದ್ರಿ?” ಅಂದಳು ಅಜ್ಜಿ.

“ನಮ್ಮಪ್ಪನ್ನೂ ಹುಡುಕೀನವ್ವ. ಮೂವತ್ತು ವರ್ಷ ಆ ಕಾಗದದಾಗ ಕೂತು ಹುಡುಕೀನಿ. ಒಂದು ಸಾಲೂ ಸಿಗಲಿಲ್ಲ. ನಿಮ್ಮ ಮೊಮ್ಮಗ ಫೋಟೋ ಹಿಡಕೊಂಡು ಬಂದ... ಒಬ್ಬರ ಅಪ್ಪನಾದ್ರೂ ಸಿಗಲಿ ಅನ್ನಿಸ್ತು.”

ಅಜ್ಜಿ ಅತ್ತದ್ದು ಆಗ.

ಮುಂದಿನ ಶುಕ್ರವಾರ ಕುರುಗೋಡಿನ ಖಬರಸ್ಥಾನಕ್ಕೆ ಹೋದೆವು. ಯಾವ ಗೋರಿ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಬೇಲಿಯ ಪಕ್ಕದಲ್ಲೇ ಚಾಪೆ ಹಾಸಿ ಫಾತಿಹಾ ಓದಿಸಿದೆವು. ಗುಮಾಸ್ತರು ಗೇಟಿನ ಹೊರಗೆ, ಹುಣಸೆ ಮರದ ನೆರಳಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಓದು ಮುಗಿದ ಮೇಲೆ ಅಜ್ಜಿ ಕೋಲೂರಿಕೊಂಡು ಅವರ ಬಳಿ ಹೋಗಿ ಅವರ ಅಪ್ಪನ ಹೆಸರು ಕೇಳಿದಳು. ಅವರು ಹೇಳಿದರು. ಅಜ್ಜಿ ಅಲ್ಲೇ ನಿಂತು ಎರಡೂ ಕೈ ಎತ್ತಿ, ಆ ಹೆಸರನ್ನೂ ಸೇರಿಸಿ ದುವಾ ಮಾಡಿದಳು. ಹೊರಗೆ ನೀರನ್ನೂ ಕುಡಿಯದ ಆ ಮನುಷ್ಯ ಅಜ್ಜಿ ಕೊಟ್ಟ ಫಾತಿಹಾದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು.

ಅಜ್ಜಿ ಆಮೇಲೆ ಆರು ವರ್ಷ ಬದುಕಿದಳು. ಅಪ್ಪನ ಮಾತು ಬಂದರೆ ತಲೆ ತಗ್ಗಿಸುವುದನ್ನು ಬಿಟ್ಟಿದ್ದಳು. ಒಳ್ಳೆಯವನೋ ಕೆಟ್ಟವನೋ ಅಲ್ಲಾಹನಿಗೆ ಗೊತ್ತು, ಮನೆಗಂತೂ ಬರುತ್ತಿದ್ದ ಎನ್ನುತ್ತಿದ್ದಳು. ಆ ಒಂದು ಮಾತನ್ನು ಆಕೆಗೆ ಕೊಟ್ಟವರು ಗುಮಾಸ್ತರು. ನನಗೆ ಕೊಟ್ಟದ್ದು ಇನ್ನೂ ಹೆಚ್ಚು. ಅಕ್ಷರ ಕೂಡಿಸಿ ಬರೆಯುವ ಆ ಕಾಲದ ಮೋಡಿ ಬರಹ, ತೆಲುಗಿನ ಅಕ್ಷರ, ಯಾವ ಪುಸ್ತಕ ಯಾವ ಕಚೇರಿಯಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಅವರ ಬದಿಯಲ್ಲಿ ಕೂತೇ ಕಲಿತೆ. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ. ನಮ್ಮ ಮನೆಯ ಮದುವೆಯ ಕಾರ್ಡು ಹಿಡಿದು ಹೋದವನಿಗೆ ಅವರ ಸೊಸೆ ಬಾಗಿಲಲ್ಲೇ ಹೇಳಿದರು. ನಿಮ್ಮ ದೊಡ್ಡ ಉಪಕಾರ ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದೆನೇ ಎಂದು ಎಷ್ಟು ನೆನಪಿಸಿಕೊಂಡರೂ... ಇಲ್ಲ, ಹೇಳಿರಲಿಲ್ಲ.

ಈಗ ನಮ್ಮ ಘಟಕದವರು, ಅವರ ಕಡೆಯವರು, ಹಿರಿಯರ ಕಾಗದ ಹುಡುಕಬೇಕಾದರೆ ನನ್ನ ಬಳಿ ಬರುತ್ತಾರೆ. ಗೊತ್ತಿದ್ದಷ್ಟು ಮಾಡಿಕೊಡುತ್ತೇನೆ. ಹೋದ ತಿಂಗಳು ಪ್ಯಾಂಟಿಗೆ ಗುಂಡಿ ಹಾಕುವ ಹೆಣ್ಣುಮಗಳೊಬ್ಬಳು ತನ್ನ ಮುತ್ತಜ್ಜಿಯ ಹೆಸರಿರುವ ಹಾಳೆಯೊಂದನ್ನು ತಂದಿದ್ದಳು. ಕೊನೆಯ ಸಾಲಿನ ಎರಡು ಪದ ಏನು ಮಾಡಿದರೂ ಬಿಡಿಸಲಾಗಲಿಲ್ಲ. ನಾಳೆ ಕೇಳಿ ಹೇಳುತ್ತೇನೆ ಎಂದೆ. ಮರುದಿನ ಗಾಡಿ ತನ್ನಷ್ಟಕ್ಕೆ ಕೋಟೆಗುಡ್ಡದ ಕಡೆ ತಿರುಗಿತು. ಓಣಿಯ ತುದಿಯವರೆಗೆ ಹೋದ ಮೇಲೆ ನೆನಪಾಯಿತು. ಅಲ್ಲೇ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿಕೊಂಡು ಕೂತಿದ್ದೆ.

ವಾಪಸು ಬಂದು ಆ ಹೆಣ್ಣುಮಗಳಿಗೆ, ಇವೆರಡು ಪದ ನನಗೆ ಗೊತ್ತಾಗುತ್ತಿಲ್ಲ ತಂಗಿ, ಗೊತ್ತಿದ್ದವರು ಈಗಿಲ್ಲ ಎಂದು ಹೇಳಿದೆ.