ಗಿನಿಯಿಲಿಯ ಮನೆಯ ಮೇಲೆ ಕುಳಿತವನು

ನಮ್ಮೂರು ಮುಚ್ಚಂಡಿಯಲ್ಲಿ ಯಾರ ಮನೆಗಾದರೂ ಹೊಸ ಪ್ರಾಣಿಯೊಂದು ಬಂದರೆ, ನೋಡಲು ಬಂದವರು ಕೇಳುವ ಪ್ರಶ್ನೆ ಎರಡೇ: ಏನು ತಿನ್ನುತ್ತದೆ, ಏನು ಕೊಡುತ್ತದೆ. ಎಲ್ಲಿ ಮಲಗುತ್ತದೆ ಎಂದು ಕೇಳಿದವರನ್ನು ನಾನು ಇದುವರೆಗೂ ಕಂಡಿಲ್ಲ. ಎಮ್ಮೆಗೆ ಗೋದಲಿಯಿದೆ, ಕುರಿಗೆ ದೊಡ್ಡಿಯಿದೆ, ಕೋಳಿಗೆ ಬುಟ್ಟಿಯಿದೆ. ಇವೆಲ್ಲ ಅವುಗಳ ಸುಖಕ್ಕಾಗಿ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಆದರೆ ಆ ಕೋಳಿಬುಟ್ಟಿಯ ಮೇಲೆ ಹೇರಿದ ಕಲ್ಲನ್ನು ಒಮ್ಮೆ ನೋಡಿ, ಯಾರ ಸುಖ ಎಂಬುದು ತಾನಾಗಿ ತಿಳಿಯುತ್ತದೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನ ದೊಡ್ಡ ಪಾಲು ನನಗೇ ಸಲ್ಲಬೇಕೆಂದು ಓದುಗರಿಗೆ ಮೊದಲೇ ಹೇಳಿಬಿಡುವುದು ಮರ್ಯಾದೆ.

ನಮ್ಮ ಜತ್ತ ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ಸೇರಿ ಒಂದೆರಡು ವರ್ಷವಾಗಿತ್ತು. ನನ್ನ ತಂಗಿ ನಾಗವ್ವ ಹದಿನಾಲ್ಕರ ಹುಡುಗಿ. ಸೊಂಟದ ಎಲುಬಿನ ಬೇನೆಗೆ ಮಿರಜಿನ ಆಸ್ಪತ್ರೆಯಲ್ಲಿ ಏಳು ತಿಂಗಳು ಮಲಗಿದ್ದು, ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಊರಿಗೆ ಬಂದಳು. ಬಸ್ಸಿನಿಂದ ಇಳಿಯುವಾಗ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಗಿನಿಯಿಲಿ. ಬಾಲವಿಲ್ಲ, ಕುತ್ತಿಗೆಯಿಲ್ಲ, ಕಂದು ಬಿಳಿ ಬಣ್ಣದ ಒಂದು ಉಂಡೆ. ಆಸ್ಪತ್ರೆಯಲ್ಲಿ ರೋಗದ ಪರೀಕ್ಷೆಗೆಂದು ಇಂಥವನ್ನು ಸಾಕುತ್ತಿದ್ದರಂತೆ. ಅವುಗಳಿಗೆ ಹುಲ್ಲು ಹಾಕುವ ಮುದುಕ, ದಿನವೂ ಕಿಟಕಿಯಿಂದ ನೋಡುತ್ತಿದ್ದ ಈ ಹುಡುಗಿಗೆ ಒಂದು ಮರಿಯನ್ನು ಕೇಳಿ ಕೊಡಿಸಿದ್ದ. ಏಳು ತಿಂಗಳ ಹಾಸಿಗೆಯಿಂದ ಅವಳು ಗಳಿಸಿ ತಂದದ್ದು ಇದೊಂದೇ.

ಊರು ಸಲಹೆ ಕೊಡಲು ನೆರೆಯಿತು. ಪಕ್ಕದ ಮನೆಯ ಕಾಕು ಗ್ಯಾಸಲೆಟ್ಟಿನ, ಎಂದರೆ ಸೀಮೆಎಣ್ಣೆಯ, ಖಾಲಿ ತಗಡಿನ ಡಬ್ಬಿಯೊಳಗೆ ಇಡಲು ಹೇಳಿದಳು.

"ಕಾಕು, ಬ್ಯಾಸಗ್ಯಾಗ ಆ ಡಬ್ಬ್ಯಾಗ ನೀವು ಕುಂದ್ರತೀರೇನ್ರಿ?" ಎಂದಳು ನಾಗವ್ವ.

"ನಾ ಯಾಕ ಕುಂದ್ರಲಿ ಮಗಳ, ನಾ ಏನ್ ಇಲಿ ಏನ?"

"ತಾ ಇಲಿ ಅಂತ ಅದಕ್ಕೂ ಗೊತ್ತಿಲ್ಲರೀ ಪಾಪ."

ಆಸ್ಪತ್ರೆಯ ಮುದುಕ ಹೇಳಿಕೊಟ್ಟದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಅದಕ್ಕೆ ಹತ್ತಲು ಬಾರದು, ಎತ್ತರದಿಂದ ಬಿದ್ದರೆ ತಾಳದು. ಬಿಸಿಲೂ ಬೇಡ, ಬೀಸುಗಾಳಿಯೂ ಬೇಡ. ನೆಲ ಸಪಾಟಾಗಿರಬೇಕು, ಒಣಗಿದ ಹುಲ್ಲು ಹಾಸಿರಬೇಕು, ಹೆದರಿದಾಗ ಅಡಗಲು ಒಂದು ಕತ್ತಲೆ ಮೂಲೆ ಬೇಕು. ಬೆಕ್ಕು ಕೈ ಹಾಕದಂತೆ ಎದುರಿಗೆ ಜಾಳಿಗೆ ಬೇಕು; ನಮ್ಮ ಮನೆಯಲ್ಲಂತೂ ಬೆಕ್ಕೊಂದಿತ್ತು. ಅಳತೆ ನಾಲ್ಕು ಗೇಣು ಉದ್ದ, ಎರಡು ಗೇಣು ಅಗಲ. "ಅಣ್ಣಾ, ನಿನ್ನ ಅಂಗಡ್ಯಾಗ ಚಹಾದ ಪೆಟಿಗಿ ಅದಾವಲ್ಲ, ಎರಡು ಕೂಡಿಸಿದ್ರ ಬರೋಬ್ಬರಿ ಆಗತೈತಿ," ಎಂದಳು.

ಎರಡು ಪೆಟ್ಟಿಗೆಗಳಿದ್ದದ್ದು ನಿಜ. ಆದರೆ ಅವೆರಡರ ಮೇಲೆ ಗಾದಿ ಹಾಸಿ ನಾನು ಕುಳಿತಿದ್ದೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿ ಅಪ್ಪ ನನ್ನನ್ನು ಕಿರಾಣಿ ಅಂಗಡಿಯಲ್ಲಿ ಕೂಡಿಸಿದಾಗ ನೆಲದ ಮೇಲೆಯೇ ಕೂಡಿಸಿದ್ದ. ಗಿರಾಕಿಗಳು ನನ್ನ ತಲೆಯ ಮೇಲಿನಿಂದ ಬೆಲ್ಲ ಕೇಳುತ್ತಿದ್ದರು. ಪೆಟ್ಟಿಗೆಗಳ ಮೇಲೆ ಏರಿದ ದಿನದಿಂದ ಬೇರೆ ಊರಾದ ಬಿಳೂರಿನ ಗಿರಾಕಿಗಳೂ ನನಗೆ "ಸಾವಕಾರ್ರ" ಎನ್ನತೊಡಗಿದ್ದರು. ಇಪ್ಪತ್ತು ವರ್ಷದ ಸಾವಕಾರನಿಗೆ ಆ ಒಂದು ಮೊಳದ ಎತ್ತರ ಎಷ್ಟು ಪ್ರಿಯವೆಂದು ಹೇಗೆ ಹೇಳಲಿ! ತಂಗಿಗೆ "ನಾಳಿ ಬಡಿಗ್ಯಾರ ಮಾನಪ್ಪಗ ಹೇಳತೀನಿ" ಎಂದೆ. ಮರುದಿನವೂ ಹಾಗೆಯೇ ಹೇಳಿದೆ. ಹೀಗೆ ಎರಡು ತಿಂಗಳು, ಗಿನಿಯಿಲಿಯ ಮನೆಯ ಮೇಲೆ ಗಾದಿ ಹಾಕಿಕೊಂಡು ಕುಳಿತು ಅದಕ್ಕೆ ಮನೆ ಹುಡುಕುತ್ತಿದ್ದೆ.

ಅಲ್ಲಿಯವರೆಗೆ ಒಳಕೋಣೆಯ ಮೂಲೆಯಲ್ಲಿ ಎರಡು ಹಲಗೆ ಅಡ್ಡ ಇಟ್ಟು ಅದನ್ನು ಬಿಟ್ಟು, ಅವಳೇ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕಾಯುತ್ತಿದ್ದಳು. ಮಿರಜಿನ ಡಾಕ್ಟರಿಗೆ ಮತ್ತೆ ತೋರಿಸಲು ಅಪ್ಪನ ಜೊತೆ ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದಳು: "ಕೋಣಿ ಚಿಲಕ ಹಾಕಬೇಕು. ಎರಡ ದಿವಸ ಅಣ್ಣಾ. ಬ್ಯಾರೆ ಏನೂ ಮಾಡಬ್ಯಾಡ."

ಬೇರೇನೂ ಮಾಡದಿರುವುದು ನನ್ನಂಥ ಬುದ್ಧಿವಂತನಿಗೆ ಸಾಧ್ಯವಾಗಲಿಲ್ಲ. ಆ ಕೋಣೆಯಲ್ಲೇ ಜೋಳದ ಚೀಲಗಳಿದ್ದವು; ಅಂಗಡಿಗೂ ಕೋಣೆಗೂ ಓಡಾಡುತ್ತ ಪ್ರತಿಸಲ ಚಿಲಕ ಹಾಕುವುದು ಬೇಸರ. ನಮ್ಮ ಮನೆಯಲ್ಲಿ ಬೆಕ್ಕಿಗೆ ಸಿಗಬಾರದ್ದನ್ನೆಲ್ಲ ಇಡುವ ಜಾಗ ಒಂದೇ: ತೊಲೆಯಿಂದ ತೂಗುಬಿಟ್ಟ ಹಗ್ಗದ ನೆಲುವು. ಹಾಲು, ಬೆಣ್ಣೆ, ಮೊಸರು ಅದರ ಮೇಲೆಯೇ. ನನ್ನ ಅಜ್ಜಿಯ ಕಾಲದಿಂದ ಒಂದು ಬೆಕ್ಕೂ ಅದನ್ನು ಮುಟ್ಟಿಲ್ಲ. ಅಗಲವಾದ ಬಿದಿರು ಬುಟ್ಟಿಯೊಂದರಲ್ಲಿ ಹುಲ್ಲು ಹಾಸಿ, ಗಿನಿಯಿಲಿಯನ್ನು ಕೂಡಿಸಿ, ಬೆಣ್ಣೆಯ ಗಡಿಗೆ ಇಳಿಸಿ ಬುಟ್ಟಿಯನ್ನು ಏರಿಸಿದೆ. ಅವ್ವನೂ ನೋಡಿ ಮೆಚ್ಚಿದಳು. ಆದರೆ ಬೆಣ್ಣೆಯ ಗಡಿಗೆ ಇಟ್ಟಲ್ಲೇ ಇರುತ್ತದೆ, ಗಿನಿಯಿಲಿ ಹುಲ್ಲಿನ ವಾಸನೆ ಹಿಡಿದು ನಡೆಯುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮಧ್ಯಾಹ್ನ ಅವ್ವ ಹೊರಗೆ ಎಮ್ಮೆಗೆ ಹಸಿ ಮೇವು ಹಾಕುತ್ತಿದ್ದಾಗ ಗಿನಿಯಿಲಿ ಆ ವಾಸನೆಗೆ ಬುಟ್ಟಿಯ ಅಂಚಿನ ತನಕ ಬಂದಿರಬೇಕು. ನಾನು ಒಳಗೆ ಬಂದಾಗ ಕಲ್ಲುಹಾಸಿನ ಮೇಲೆ ಬಿದ್ದಿತ್ತು. ಉಸಿರಿರಲಿಲ್ಲ.

ಹಿತ್ತಲಲ್ಲಿ ಹೂಳಿದೆ. ಬುಟ್ಟಿ ಕೆಳಗಿಳಿಸಿದೆ, ಬೆಣ್ಣೆಯ ಗಡಿಗೆ ಮೇಲಕ್ಕೇರಿಸಿದೆ. ಅವ್ವನಿಗೆ, "ಬೆಕ್ಕು ಒಯ್ತು ಅಂತ ಹೇಳೋಣು. ಆಕಿಗೆ ಅಷ್ಟು ದುಃಖ ಆಗಂಗಿಲ್ಲ," ಎಂದೆ. ನನ್ನ ಹೇಡಿತನಕ್ಕೆ ಕರುಣೆಯ ಹೆಸರಿಟ್ಟ ಆ ನನ್ನ ಜಾಣತನಕ್ಕೆ ಇಂದಿಗೂ ಬೆಂಕಿ ಹಚ್ಚಬೇಕೆನಿಸುತ್ತದೆ.

ಅಪ್ಪ ಬಂದವನೇ ನಮ್ಮ ಮಾತು ನಂಬಿ ಬೆಕ್ಕನ್ನು ಚೀಲದಲ್ಲಿ ಹಾಕಿ, ದರಿಬಡಚಿ ಊರಿನ ಕಡೆ ಹೊರಟ ಕುರುಬರ ಕೈಗೆ ಕೊಟ್ಟುಬಿಟ್ಟ. ಅದು ಚೀಲದೊಳಗೆ ಕೂಗಿದ್ದನ್ನು ನಾನು ಪೆಟ್ಟಿಗೆಗಳ ಮೇಲೆ ಕುಳಿತೇ ಕೇಳಿದೆ. ನಾಗವ್ವ ಬೆಕ್ಕನ್ನು ಬೈಯಲಿಲ್ಲ. ನನ್ನನ್ನು ಬೈದಿದ್ದರೆ ಚಲೋ ಆಗುತ್ತಿತ್ತು. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನಾನ ಹೋಗಬಾರದಿತ್ತರೀ. ಮಿರಜಿಗೆ ಹೋಗಿದ್ದು ನನ್ನ ತಪ್ಪು." ಮುಂದಿನ ತಿಂಗಳು ಆಸ್ಪತ್ರೆಗೆ ಹೋಗಲು ಒಲ್ಲೆ ಎಂದು ಹಟ ಹಿಡಿದು ಕುಳಿತಳು.

ಆಗ ನನಗೆ ತಡೆಯಲಾಗಲಿಲ್ಲ. ಅಂಗಳದಲ್ಲಿ ಜೋಳ ಹಸನ ಮಾಡುತ್ತ ಕುಳಿತವಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನೆಲುವು, ಬುಟ್ಟಿ, ಕಲ್ಲುಹಾಸು, ಪೆಟ್ಟಿಗೆಗಳನ್ನು ಕೊಡದ ಕಾರಣ, ಎಲ್ಲವನ್ನೂ. ಅವಳು ಮೊರ ಕೆಳಗಿಟ್ಟಳು.

"ಬೆಕ್ಕು ಏನ್ ಮಾಡಿತ್ತು ನಿನಗ?"

"ಏನೂ ಮಾಡಿರಲಿಲ್ಲ."

"ಮತ್ತ ಅದಕ್ಯಾಕ ಮನಿ ಬಿಡಿಸಿದಿ? ಹೋಗು. ತಗೊಂಡ ಬಾ. ಅದು ಬಂದ ಮ್ಯಾಲ ನಾ ಮಿರಜಿಗಿ ಹೋಗತೀನಿ."

ಮರುದಿನ ಅಂಗಡಿ ಮುಚ್ಚಿ, ಖಾಲಿ ಚೀಲ ಹೆಗಲಿಗೆ ಹಾಕಿ ದರಿಬಡಚಿಗೆ ನಡೆದೆ. ಕುರಿದೊಡ್ಡಿಯ ಬದಿಯಲ್ಲಿ, ಹರಿದ ಕಂಬಳಿಯ ಮೇಲೆ ನಮ್ಮ ಬೆಕ್ಕು ಮೂರು ಮರಿಗಳಿಗೆ ಹಾಲೂಡಿಸುತ್ತಿತ್ತು. ನನ್ನನ್ನು ನೋಡಿ ಕಿವಿ ಹಿಂದಕ್ಕೆ ಮಾಡಿತು. ಕೈ ಚಾಚಿದೆ; ಮಣಿಕಟ್ಟಿನಿಂದ ಮೊಣಕೈವರೆಗೆ ಗೀರಿತು. ಕುರುಬರ ಮುದುಕಿ ನಕ್ಕಳು. "ಬಾಣಂತಿನ್ನ ಎಬ್ಬಸಬಾರದರೀ ಸಾವಕಾರ್ರ. ಕುಂದ್ರಿ, ಮಜ್ಜಿಗಿ ಕುಡೀರಿ."

ಬರಿಗೈಯಲ್ಲಿ ಬಂದೆ. ನಾಗವ್ವ ನನ್ನ ತೋಳು ನೋಡಿದಳು, ಚೀಲ ನೋಡಿದಳು. ಮರಿ ಹಾಕಿದ ಸುದ್ದಿ ಹೇಳಿದೆ.

"ನೆಲ ಹಸಿ ಐತೇನ ಅಲ್ಲಿ?"

"ಇಲ್ಲ. ಕಂಬಳಿ ಹಾಸ್ಯಾರ."

"ಬಿಸಿಲು?"

"ಬೇವಿನ ನೆಳ್ಳೈತಿ."

"ನಾಯಿ ಅದಾವಲ್ಲ?"

"ಎರಡದಾವು. ಬಾಜೂಕ ಮಲಗಿದ್ವು, ಅದನ್ನ ಮುಟ್ಟಂಗಿಲ್ಲ."

ಅವಳು ಕೋಲೂರಿ ಎದ್ದಳು.

"ಹಂಗಾರ ಅಲ್ಲೇ ಇರಲಿ. ಅದರ ಮನಿ ಅದ ನೋಡಿಕೊಂಡೈತಿ," ಎಂದಳು. "ಅಪ್ಪಗ ಹೇಳು, ಸೋಮವಾರ ಮಿರಜಿಗೆ ಹೋಗೂಣಂತ."