ಆ ಅಕ್ಕ ವಾಪಸ್ ಹೋಗಲಿಲ್ಲ

ನಲವತ್ತಾರನೆಯ ವಯಸ್ಸಿನಲ್ಲಿ ನಾನೊಂದು ಟಿ.ವಿ. ಧಾರಾವಾಹಿಯ ಅಭಿಮಾನಿ ಬಳಗ ಸೇರಿದೆ. ನಗುವವರು ನಗಲಿ. ನಮ್ಮ ಅರಸೀಕೆರೆಯಲ್ಲಿ ಗಂಡಸರು ಕ್ರಿಕೆಟ್ ತಂಡ ಸೋತಿತೆಂದು ಊಟ ಬಿಡುತ್ತಾರೆ, ನಟನ ಕಟೌಟಿಗೆ ಹಾಲು ಸುರಿಯುತ್ತಾರೆ. ಅವರ ವಯಸ್ಸನ್ನು ಯಾರೂ ಕೇಳುವುದಿಲ್ಲ.

ನಮ್ಮದು ಕೊಬ್ಬರಿ ಮಂಡಿ. ಮನೆ ಇರುವುದು ಮಂಡಿಯ ಹಿಂಭಾಗದಲ್ಲೇ. ಮಧ್ಯಾಹ್ನ ಊಟ ಮುಗಿದು ಪಾತ್ರೆ ಬೋರಲು ಹಾಕಿದ ಮೇಲೆ ಒಂದೂವರೆ ಗಂಟೆ ನನಗೆ ಸಿಗುತ್ತದೆ. ಮಗಳು ಮೈಸೂರಿನ ಹಾಸ್ಟೆಲಿಗೆ ಹೋಗುವಾಗ ತನ್ನ ಹಳೆಯ ಫೋನು ನನಗೆ ಬಿಟ್ಟು ಹೋಗಿದ್ದಳು. ಅದರಲ್ಲಿ ಧಾರಾವಾಹಿ ನೋಡಲು ಕಲಿತೆ, ಆಮೇಲೆ ನೋಡಿದ್ದರ ಬಗ್ಗೆ ಮಾತಾಡುವವರ ಗುಂಪು ಹುಡುಕಲು ಕಲಿತೆ.

ಆ ಬಳಗದಲ್ಲಿ ಬೆಳಗಾದರೆ ಶುಭೋದಯ, ಯಾರದಾದರೂ ಹುಟ್ಟುಹಬ್ಬವಾದರೆ ಕೇಕಿನ ಚಿತ್ರ. ಒಬ್ಬಳಿಗೆ ಜ್ವರ ಬಂದರೆ ಹತ್ತಾರು ಜನ ಕಷಾಯ ಹೇಳಿಕೊಡುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬೇರೆ ಧಾರಾವಾಹಿಯ ಬಳಗದೊಂದಿಗೆ ಜಗಳ ಬಿದ್ದರಂತೂ ನಾವೆಲ್ಲ ಒಂದೇ ಮನೆಯವರಾಗಿಬಿಡುತ್ತಿದ್ದೆವು. ಅವರ ನಾಯಕಿಯ ಮೂಗು ಸರಿಯಿಲ್ಲವೆಂದು ನಾನೂ ಒಮ್ಮೆ ಬರೆದಿದ್ದೇನೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನನ್ನ ಹೆಸರಿನ ಪಕ್ಕ ದಾಸವಾಳದ ಚಿತ್ರ ಹಾಕಿಕೊಂಡಿದ್ದೆ. ಎಲ್ಲರೂ ನನ್ನನ್ನು ಕಾಲೇಜು ಹುಡುಗಿ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಧಾರಾವಾಹಿಯಲ್ಲಿ ಒಬ್ಬ ನಾಯಕ, ಒಬ್ಬಳು ನಾಯಕಿ, ಅವರ ಸಂಸಾರಕ್ಕೆ ಹುಳಿ ಹಿಂಡಲು ನಾಯಕನ ಅಕ್ಕ. ಅವಳು ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದು ಕೂತವಳು. ಬಳಗದವರೆಲ್ಲ ಜೋಡಿಯ ಅಭಿಮಾನಿಗಳು. ಅಕ್ಕ ಪರದೆಯ ಮೇಲೆ ಬಂದರೆ ಸಾಕು, ಉಗಿಯುವ ಗೊಂಬೆಗಳ ಸುರಿಮಳೆ. ನನ್ನ ಕಣ್ಣು ಮಾತ್ರ ಅವಳ ಮೇಲೇ ಇರುತ್ತಿತ್ತು. ತಮ್ಮನ ಮನೆಯಲ್ಲಿ ಅವಳು ತಟ್ಟೆಯ ಮುಂದೆ ಕೂರುವ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಸಲ ಅನ್ನ ಕೇಳುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಾ ಕೂರುವ ರೀತಿ ಅದು.

ಒಂದು ಮಧ್ಯಾಹ್ನ ಅವಳ ಬಗ್ಗೆ ಒಂದು ಪುಟದಷ್ಟು ಕಥೆ ಬರೆದು ಬಳಗಕ್ಕೆ ಹಾಕಿದೆ. ನನ್ನ ಕಥೆಯಲ್ಲಿ ಅವಳು ತಮ್ಮನ ಮನೆ ಬಿಟ್ಟು ಅರಸೀಕೆರೆಗೆ ಬರುತ್ತಾಳೆ, ರೈಲ್ವೆ ಸ್ಟೇಷನ್ನಿನ ಹತ್ತಿರ ನಾಲ್ಕು ಬೆಂಚಿನ ಮೆಸ್ಸು ಇಡುತ್ತಾಳೆ. ಮಾತೆಲ್ಲ ನಮ್ಮ ಕಡೆಯದೇ: ಐತೆ, ಬತ್ತೀನಿ, ಬ್ಯಾಡ. ಜನ ಓದಿದರು. ಮುಂದಿನ ಭಾಗ ಯಾವಾಗ ಎಂದು ಕೇಳಿದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಸಾರು ಯಾವುದು ಎಂಬುದನ್ನು ಬಿಟ್ಟು ಮುಂದೇನು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹದಿನಾರು ಭಾಗ ಬರೆದೆ.

ಆಗ ಧಾರಾವಾಹಿಯವರೇ ಆ ಅಕ್ಕನನ್ನು ಅವಳ ಗಂಡನ ಜೊತೆ ರಾಜಿ ಮಾಡಿಸಿದರು. ಅವನು ಬಾಗಿಲಲ್ಲಿ ನಿಂತು ಕಣ್ಣೀರಿಟ್ಟ. ಅವಳು ಸೆರಗಿನಿಂದ ಅವನ ಮುಖ ಒರೆಸಿ ಅವನ ಹಿಂದೆ ಹೊರಟಳು. ಬಳಗದಲ್ಲಿ ಹಬ್ಬವೋ ಹಬ್ಬ. ಮಾರನೆಯ ದಿನ ನಾನು ಹದಿನೇಳನೆಯ ಭಾಗ ಹಾಕಿದೆ. ಅದರಲ್ಲಿ ಗಂಡ ಮೆಸ್ಸಿನ ಬಾಗಿಲಿಗೆ ಬಂದು ಅಳುತ್ತಾನೆ. ಅವಳು ಅವನಿಗೆ ಊಟ ಬಡಿಸುತ್ತಾಳೆ, ಕೈ ತೊಳೆಯಲು ನೀರು ಕೊಡುತ್ತಾಳೆ, ಆಮೇಲೆ ನಾನು ಬರಲ್ಲ ಎನ್ನುತ್ತಾಳೆ.

ಅಷ್ಟಕ್ಕೇ ರಂಪ ಶುರುವಾಯಿತು. ಬಳಗದ ಅಡ್ಮಿನ್ ಬೆಂಗಳೂರಿನ ಯುವಕ. ಕಥೆ ತೆಗೆಯಿರಿ, ಇದು ಧಾರಾವಾಹಿಗೆ ಮಾಡುವ ಅವಮಾನ ಎಂದ. ಹಳ್ಳಿ ಭಾಷೆ ಓದಿ ತಲೆನೋವು ಬರುತ್ತಿದೆ ಎಂದು ಇನ್ನೊಬ್ಬಳು ಬರೆದಳು. ಹಿಂದಿನ ವಾರದವರೆಗೆ ಅವಳೇ ಮುಂದಿನ ಭಾಗ ಕೇಳುತ್ತಿದ್ದವಳು. ತೆಗೆಯುವುದಿಲ್ಲ ಎಂದೆ. ಸಂಕ್ರಾಂತಿಯ ದಿನ ನಾನು ಹಾಕಿದ್ದ ಕೊಬ್ಬರಿ ರಾಶಿಯ ಫೋಟೋವನ್ನು ಯಾರೋ ಹುಡುಕಿ ತೆಗೆದರು. ರಾಶಿಯ ಹಿಂದೆ ನಮ್ಮ ಮಂಡಿಯ ಬೋರ್ಡು ಕಾಣುತ್ತಿತ್ತು. ರಾಶಿಯ ಪಕ್ಕದ ಕನ್ನಡಿಯಲ್ಲಿ ಫೋನು ಹಿಡಿದು ನಿಂತ ನಾನೂ ಕಾಣುತ್ತಿದ್ದೆ. ಅದನ್ನು ದೊಡ್ಡದು ಮಾಡಿ, ಇದೇನಾ ನಮ್ಮ ದಾಸವಾಳದ ಹುಡುಗಿ, ಈ ಆಂಟಿನಾ ಎಂದು ಬರೆದರು. ಕೆಳಗೆ ಸಾಲುಸಾಲು ನಗುವ ಮುಖಗಳು. ನನ್ನ ಕಿವಿ ಬಿಸಿಯಾಯಿತು. ನಾಚಿಕೆ ಎಂದುಕೊಂಡೆ. ಒಲೆಗೆ ಪಾತ್ರೆ ಕುಕ್ಕಿದಾಗ ಗೊತ್ತಾಯಿತು, ಅದು ಸಿಟ್ಟು.

ಬೋರ್ಡಿನ ಮೇಲೆ ನಂಬರೂ ಇತ್ತಲ್ಲ, ಅದಕ್ಕೆ ಫೋನು ಮಾಡಿದರು. ನಿಮ್ಮ ಮನೆಯವರು ಸಂಸಾರ ಒಡೆಯುವ ಕಥೆ ಬರೆಯುತ್ತಾರೆ, ನೋಡಿಕೊಳ್ಳಿ ಎಂದರಂತೆ. ನನ್ನ ಗಂಡ ಊಟಕ್ಕೆ ಬಂದವರು ತಟ್ಟೆಗೆ ಕೈ ಹಾಕಲಿಲ್ಲ. ಏನು ಬರೆದಿದ್ದೀಯ, ಕೊಡು ಎಂದರು. ಕೊಟ್ಟೆ. ಅವರು ಬೆರಳಿಟ್ಟು ನಿಧಾನವಾಗಿ ಓದುವವರು. ಹದಿನೇಳನೆಯ ಭಾಗಕ್ಕೆ ಬರುವಷ್ಟರಲ್ಲಿ ಸಾರು ಆರಿತ್ತು.

"ಇದು ನಮ್ಮಕ್ಕನ ಕಥೆ ಅಲ್ವೇನೇ?" ಎಂದರು.

ಹೌದು. ನಾನು ಬರೆಯುವಾಗ ಒಪ್ಪಿಕೊಂಡಿರಲಿಲ್ಲ, ಆದರೆ ಹೌದು. ನಾನು ಮದುವೆಯಾಗಿ ಬಂದ ಮೊದಲ ವರ್ಷ, ಕಣಕಟ್ಟೆಗೆ ಕೊಟ್ಟಿದ್ದ ಅವರ ಅಕ್ಕ, ನನ್ನ ಅತ್ತಿಗೆ, ತೋಳಿನ ಮೇಲೆ ಬಾಸುಂಡೆ ಹೊತ್ತು ಬಂದಿದ್ದರು. ಎರಡು ತಿಂಗಳು ಇದ್ದರು. ಹಿರಿಯರು ಕೂತರು, ಮಠಕ್ಕೂ ಹೋಗಿ ಬಂದರು, ಹೊಂದಿಕೊಂಡು ಹೋಗಬೇಕು ಎಂದು ತೀರ್ಮಾನವಾಯಿತು. ಅವರ ಚೀಲಕ್ಕೆ ಬಟ್ಟೆ ಮಡಿಸಿ ತುಂಬಿದವಳು ನಾನೇ. ಒಬ್ಬಟ್ಟಿನ ಡಬ್ಬಿಯನ್ನೂ ಇಟ್ಟಿದ್ದೆ. ಬಸ್ಸು ಹತ್ತಿಸಿ ಬಂದವರು ನನ್ನ ಗಂಡ. ಆ ದಿನದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಅಕ್ಕನಿಗೆ ಗೊತ್ತಾದರೆ ಏನಂದುಕೊಳ್ಳುತ್ತಾಳೆ, ತೆಗೆದುಹಾಕು ಎಂದರು ಅವರು. ಅವರನ್ನೇ ಕೇಳಿಕೊಂಡು ಬರುತ್ತೇನೆ, ಅವರು ತೆಗೆ ಅಂದರೆ ತೆಗೆಯುತ್ತೇನೆ, ಬೇರೆ ಯಾರ ಮಾತಿಗೂ ತೆಗೆಯುವುದಿಲ್ಲ ಎಂದೆ. ಮಾರನೆಯ ದಿನ ಕಣಕಟ್ಟೆ ಬಸ್ಸು ಹತ್ತಿದೆ.

ಅತ್ತಿಗೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಅವರ ಗಂಡ ಮಂಚದ ಮೇಲಿದ್ದರು. ಪಾರ್ಶ್ವವಾಯು ಬಡಿದು ಮೂರು ವರ್ಷವಾಗಿತ್ತು. ನಾನೂ ಕಾಳು ಬಿಡಿಸುತ್ತಾ ವಿಷಯ ಹೇಳಿದೆ, ಆಮೇಲೆ ಮೊದಲಿಂದ ಕೊನೆಯವರೆಗೆ ಓದಿದೆ. ಅವರು ಒಂದು ಸಲವೂ ತಲೆ ಎತ್ತಲಿಲ್ಲ. ಓದಿ ಮುಗಿದ ಮೇಲೆ ಸಿಪ್ಪೆಯನ್ನೆಲ್ಲ ಮೊರದಿಂದ ಎಮ್ಮೆಯ ಮುಂದೆ ಸುರಿದು ಬಂದು ಕೂತರು.

"ಮೆಸ್ಸು ಇಟ್ಟಿದ್ದು ಸರಿಯಾಗೈತೆ," ಎಂದರು. "ಆದ್ರೆ ಅರಸೀಕೆರೇಲಿ ಬ್ಯಾಡ ಕಣೇ. ಅಲ್ಲಿ ನಮ್ಮೋರೆಲ್ಲ ಅವ್ರೆ, ದಿನಾ ಒಬ್ಬೊಬ್ರು ಬಂದು ಬುದ್ಧಿ ಹೇಳ್ತಾರೆ. ಬೇಲೂರಿಗೆ ಕಳ್ಸು."

ತೆಗೆಯಬೇಕೋ ಎಂದು ಕೇಳಿದೆ.

"ಯಾಕೆ ತೆಗೀಬೇಕು? ನಾನಂತೂ ಆಗ ಬಿಟ್ಟು ಹೋಗ್ಲಿಲ್ಲ. ಈಗ ಈ ಮನುಷ್ಯನ್ನ ಬಿಟ್ಟು ಹೋಗೋದೂ ಇಲ್ಲ. ಅವ್ಳಾದ್ರೂ ಹೋಗ್ಲಿ."

ನಾನು ಆ ದಿನ ಚೀಲ ತುಂಬಿದ್ದನ್ನು ಹೇಳಿ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅವರೆಕಾಳನ್ನು ನನ್ನ ಚೀಲಕ್ಕೆ ಸುರಿಯುತ್ತಾ, ಒಬ್ಬಟ್ಟು ಚೆನ್ನಾಗಿದ್ವು ಎಂದರು.

ಹದಿನೆಂಟನೆಯ ಭಾಗದಲ್ಲಿ ಮೆಸ್ಸು ಬೇಲೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ಹೋಯಿತು.

ಅದೇ ತಿಂಗಳು ಬಳಗದವರು ಹಳೇಬೀಡಿನಲ್ಲಿ ಸೇರುವವರಿದ್ದರು, ಧಾರಾವಾಹಿಯ ಒಂದು ಹಾಡನ್ನು ಅಲ್ಲಿ ಚಿತ್ರೀಕರಿಸಿದ್ದರೆಂದು. ನನಗೆ ಮಾತ್ರ, ನೀವು ಬರುವುದು ಬೇಡ ಎಂದು ಸಂದೇಶ ಬಂತು. ನಾಲ್ಕು ಸಲ ಓದಿದೆ. ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ, ಬೆಂಗಳೂರಿಂದ ಬರುವವರು ನನಗೆ ಬರಬೇಡ ಎನ್ನುತ್ತಾರೆ. ಅತ್ತಿಗೆಗೆ ಫೋನು ಮಾಡಿ ಹೇಳಿದೆ. ಸೇರುವ ದಿನ ಅವರು ತಮ್ಮ ಗಂಡನನ್ನು ನೋಡಿಕೊಳ್ಳಲು ಮೈದುನನ ಹೆಂಡತಿಗೆ ಹೇಳಿ, ಮೊದಲ ಬಸ್ಸಿಗೇ ಅರಸೀಕೆರೆಗೆ ಬಂದಿಳಿದರು. ಜಾವಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, ಆ ಅಡ್ಮಿನ್ ಹುಡುಗ ಎಷ್ಟು ಎತ್ತರ ಇದ್ದಾನೆ ಎಂದು.

ಎತ್ತರವೇನೂ ಇರಲಿಲ್ಲ. ದೇವಸ್ಥಾನದ ಎದುರಿನ ಹುಲ್ಲುಹಾಸಿನ ಮೇಲೆ ಇಪ್ಪತ್ತು ಜನ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಅಡ್ಮಿನ್ ಎದ್ದು ಬಂದ. ಇಪ್ಪತ್ತೈದರ ಹುಡುಗ, ಎದುರಿಗೆ ಬಹಳ ವಿನಯ.

"ಆಂಟಿ, ಬರೋದು ಬೇಡ ಅಂತ ಮೆಸೇಜ್ ಹಾಕಿದ್ವಲ್ಲ."

"ಹಾಕಿದ್ರಿ. ಈ ದೇವಸ್ಥಾನ ನಿಮ್ಮ ಬಳಗದ್ದಲ್ಲ."

ಅವನಿಗೆ ನಗುವುದೋ ಬೇಡವೋ ತಿಳಿಯಲಿಲ್ಲ. ಕೂರಿಸಿ ಸಮಾಧಾನದಿಂದ ವಿವರಿಸಿದ. ಕಥೆ ಎಂದ ಮೇಲೆ ಅದಕ್ಕೊಬ್ಬ ಯಜಮಾನ ಇರುತ್ತಾನೆ, ರಾಜಿಯಾದದ್ದು ಎಲ್ಲರಿಗೂ ಇಷ್ಟವಾಗಿದೆ, ಮನೆಮಂದಿ ನೋಡುವ ಧಾರಾವಾಹಿ. ಎರಡು ನಿಮಿಷದ ವೀಡಿಯೊದಲ್ಲಿ ಕ್ಷಮೆ ಕೇಳಿಬಿಟ್ಟರೆ ಮುಂದೆಯೂ ಬಳಗದಲ್ಲೇ ಇರಬಹುದು. ಇನ್ನೊಬ್ಬ ಆಗಲೇ ಫೋನು ಎತ್ತಿ ಹಿಡಿದಿದ್ದ.

ಇರಬೇಕೆಂಬ ಆಸೆ ನನಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಜನ ನನ್ನ ಶುಭೋದಯಕ್ಕೆ ಉತ್ತರ ಹಾಕುವುದನ್ನು ಬಿಟ್ಟ ಮೇಲೆ ನನ್ನ ಬೆಳಗು ಬೋಳಾಗಿತ್ತು. ಆದರೆ ಪಕ್ಕದಲ್ಲಿ ಅತ್ತಿಗೆ ಕೂತಿದ್ದರು.

"ಕ್ಷಮೆ ಕೇಳೋವಂಥದ್ದು ನಾನೇನೂ ಬರೆದಿಲ್ಲ," ಎಂದೆ. "ತೆಗೆಯೋದೂ ಇಲ್ಲ, ಬರೆಯೋದು ನಿಲ್ಸೋದೂ ಇಲ್ಲ. ವೀಡಿಯೊ ಮಾಡ್ಕೊಳ್ಳಿ, ಇದನ್ನೇ ಹಾಕಿ."

ಅತ್ತಿಗೆ ನನ್ನ ಮೊಣಕೈ ತಿವಿದು, "ಓದೇ," ಎಂದರು.

ಹದಿನೇಳನೆಯ ಭಾಗ ತೆರೆದು ಓದಲು ಶುರುಮಾಡಿದೆ. ಐತೆ ಎಂಬ ಮಾತು ಬಂದಾಗ ಯಾರೋ ಕಿಸಕ್ಕೆಂದರು. ಆ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಓದಿದೆ. ಒಬ್ಬ ಸ್ಪೀಕರಿನಲ್ಲಿ ಧಾರಾವಾಹಿಯ ಹಾಡು ಹಾಕಿದ. ಅವರದೇ ಟೀ ಶರ್ಟು ತೊಟ್ಟ ಹುಡುಗಿಯೊಬ್ಬಳು ಎದ್ದು ಹೋಗಿ ಅದನ್ನು ಆರಿಸಿ, ವಾಪಸ್ ಬಂದು ನನ್ನೆದುರು ಕೂತಳು. ಏಳೆಂಟು ಜನ ಎದ್ದು ಹೋದರು. ಉಳಿದವರು ಕೇಳಿದರು. ನಾನು ಬರಲ್ಲ ಎಂಬ ಸಾಲು ಬಂದಾಗ ನಾನು ಅತ್ತಿಗೆಯ ಮುಖ ನೋಡಲಿಲ್ಲ. ಅವರ ಕೈ ನನ್ನ ಸೀರೆಯ ಅಂಚನ್ನು ಹಿಡಿದಿತ್ತು, ಅಷ್ಟು ಗೊತ್ತಾಯಿತು.

ಬಸ್ಸು ಬಾಣಾವರ ದಾಟುವ ಮೊದಲೇ ನನ್ನನ್ನು ಬಳಗದಿಂದ ತೆಗೆದಿದ್ದರು. ಬಳಗದ್ರೋಹಿ ಎಂಬ ಬಿರುದನ್ನೂ ಕೊಟ್ಟರು. ಕ್ಷಮೆಯ ವೀಡಿಯೊ ಸಿಗದಿದ್ದುದಕ್ಕೆ ನಮ್ಮ ಮಂಡಿಗೆ ಮತ್ತೊಮ್ಮೆ ಫೋನು ಮಾಡಿದರು. ಈ ಸಲ ನಾನು ಅಲ್ಲೇ ಚೀಟಿ ಬರೆಯುತ್ತಾ ಕೂತಿದ್ದೆ. ಫೋನು ಎತ್ತಿದವರು ನನ್ನ ಗಂಡ.

"ನಮ್ಮನೆಯೋರು ಬರೆದಿದ್ದನ್ನ ನಾನು ಓದಿದೀನಿ ಕಣ್ರೀ. ನೀವು ಪೂರ್ತಿ ಓದಿದೀರಾ?" ಎಂದು ಕೇಳಿ ಫೋನು ಇಟ್ಟರು. ನನ್ನ ಕಡೆ ತಿರುಗಲಿಲ್ಲ, ತಕ್ಕಡಿಯ ಹತ್ತಿರ ಹೋದರು. ಆ ಭಾನುವಾರ ಒಬ್ಬರೇ ಕಣಕಟ್ಟೆಗೆ ಹೋಗಿ ಬಂದರು. ಅಲ್ಲಿ ಅಕ್ಕ ತಮ್ಮ ಏನು ಮಾತಾಡಿಕೊಂಡರೋ ನಾನು ಕೇಳಿಲ್ಲ.

ಈಗ ನನ್ನದೇ ಒಂದು ಪುಟವಿದೆ. ಓದುವವರು ಹೆಚ್ಚಿಲ್ಲ. ಸ್ಪೀಕರ್ ಆರಿಸಿದ ಹುಡುಗಿ ಇದ್ದಾಳೆ, ಗಂಡಸಿ ಊರಿನ ಒಬ್ಬ ಟೀಚರಮ್ಮ ಇದ್ದಾರೆ, ಊರು ಹೇಳದ ಕೆಲವರಿದ್ದಾರೆ. ದಾಸವಾಳ ತೆಗೆದು ನನ್ನ ಫೋಟೋವನ್ನೇ ಹಾಕಿದ್ದೇನೆ, ಕನ್ನಡಕದ ಸಮೇತ. ಅತ್ತಿಗೆ ವಾಯ್ಸ್ ಮೆಸೇಜಿನಲ್ಲೇ ತಿದ್ದುಪಡಿ ಕಳಿಸುತ್ತಾರೆ: ಮೆಸ್ಸಿನಲ್ಲಿ ಬುಧವಾರ ಮುದ್ದೆ ಬಸ್ಸಾರು ಇರಲಿ, ಆ ಗಂಡ ಇನ್ನೊಂದು ಸಲ ಬಂದರೆ ಊಟ ಕೊಡುವುದು ಬೇಡ.

ಮೊನ್ನೆ ಯಾರೋ ಅಪರಿಚಿತ, ಆಂಟಿ, ನಿಮಗೆ ಮನೆಗೆಲಸ ಇಲ್ವಾ ಎಂದು ಬರೆದಿದ್ದ. ಇದೆ, ಮುಗಿಸಿ ಬಂದಿದ್ದೇನೆ ಎಂದು ಉತ್ತರ ಹಾಕಿ, ಅದರ ಕೆಳಗೇ ಮೂವತ್ತೊಂದನೆಯ ಭಾಗ ಹಾಕಿದೆ.