ಚಾಲು ಎಂದರೆ ಏನು

ಆಂಧ್ರದ ಗಡಿಯೂರು ಕಲ್ಯಾಣದುರ್ಗಕ್ಕೆ ಬಂದ ನಾಲ್ಕನೆಯ ದಿನವೇ ನಾನು ಮನೆಯೊಡತಿಯ ಮಗ್ಗದ ಗುಂಡಿಗೆ ನೀರು ತುಂಬಿಸಿಬಿಟ್ಟೆ.

ನನ್ನದು ಮಹಡಿಯ ಕೋಣೆ. ಬೋರಿನ ಮೋಟರಿನ ಸ್ವಿಚ್ಚು ನನ್ನ ಬಾಗಿಲ ಪಕ್ಕ. ನೀರು ಬೀಳುವ ತೊಟ್ಟಿ ಕೆಳಗೆ ಅಂಗಳದಲ್ಲಿ. ಅಂದು ಬೆಳಿಗ್ಗೆ ಮೋಟರು ಓಡುತ್ತಿತ್ತು. ಮನೆಯೊಡತಿ ನಾಗರತ್ನಮ್ಮ ಕೆಳಗಿನಿಂದ, "ಚಾಲು ಮೇಡಂ, ಚಾಲು!" ಎಂದು ಕೂಗಿದರು.

"ಚಾಲೂನ ಐತ್ರೀ!" ಎಂದು ನಾನೂ ಕೂಗಿದೆ. ನಮ್ಮ ಧಾರವಾಡದಲ್ಲಿ ಚಾಲು ಎಂದರೆ ಓಡುತ್ತಿದೆ ಎಂದರ್ಥ.

ಅವರು ಇನ್ನೂ ಜೋರಾಗಿ "ಚಾಲು!" ಎಂದರು. ನಾನು ಅದಕ್ಕಿಂತ ಜೋರಾಗಿ ಅದನ್ನೇ ಹೇಳಿದೆ. ಕೊನೆಗೆ ಅವರೇ ಮೆಟ್ಟಿಲು ಹತ್ತಿ ಬಂದು, ನನ್ನನ್ನು ಸರಿಸಿ ಸ್ವಿಚ್ಚು ಆರಿಸಿದರು. ಅಷ್ಟರಲ್ಲಿ ತೊಟ್ಟಿ ಉಕ್ಕಿ ನೀರು ಮಗ್ಗದ ಕೋಣೆಗೆ ನುಗ್ಗಿತ್ತು. ನೇಯುವವರು ಕಾಲಿಳಿಬಿಡುವ ಗುಂಡಿ ತುಂಬಿಹೋಗಿತ್ತು. ಮದುವೆಯ ಸೀರೆಗೆಂದು ಬುಟ್ಟಿಯಲ್ಲಿಟ್ಟಿದ್ದ ಕೆಂಪು ರೇಷ್ಮೆಯ ಲಡಿಗಳು ನೆನೆದಿದ್ದವು.

ನಾನು ಬಕೆಟ್ಟು ತಂದು ನೀರು ಎತ್ತತೊಡಗಿದೆ. ನಾಗರತ್ನಮ್ಮ ನನ್ನ ಮುಖವನ್ನೂ ನೋಡಲಿಲ್ಲ. "ಈ ತಿಂಗಳು ಮುಗೀತಿದ್ದಂಗೆ ಬೇರೆ ಮನೆ ನೋಡ್ಕಳ್ರಮ್ಮ" ಎಂದರು.

ಆ ಒಂದು ಕೋಣೆ ಸಿಗಲು ನಾನು ಎಷ್ಟು ಬಾಗಿಲು ತಟ್ಟಿದ್ದೆನೋ. ನಲವತ್ತು ದಾಟಿದ, ಒಬ್ಬಳೇ ಇರುವ ಹೆಂಗಸು ನಾನು. "ಯಾರ ಪೈಕಿ ನೀವು?" ಎಂದು ಎಲ್ಲರೂ ಕೇಳುತ್ತಿದ್ದರು, ಹೇಳಿಕೊಳ್ಳಲು ಈ ಊರಿನಲ್ಲಿ ನನ್ನವರು ಯಾರೂ ಇರಲಿಲ್ಲ. ಧಾರವಾಡದಲ್ಲಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕಿಯಾಗಿದ್ದ ನನಗೆ ಇಲ್ಲಿನ ಡಿಗ್ರಿ ಕಾಲೇಜು ಕೊಟ್ಟದ್ದು ಮೊದಲ ಪೂರ್ಣಾವಧಿ ಕೆಲಸ. ಮನೆಯಿಲ್ಲದಿದ್ದರೆ ಅದನ್ನೂ ಬಿಟ್ಟು ಹೊರಡಬೇಕಿತ್ತು. ಒಂದು ಮೋಟರಿಗಾಗಿ ಇಷ್ಟು ಸಿಟ್ಟೇ ಎಂದು ನನಗೂ ಸಿಟ್ಟು ಬಂತು. ಅವರು ಅಂಗಳದಲ್ಲಿದ್ದರೆ ನಾನು ಇಳಿಯುತ್ತಿರಲಿಲ್ಲ.

ನಾಲ್ಕು ದಿನ ಕಳೆದವು. ತರಗತಿಯಲ್ಲಿ ಅಂದಿನ ಪಾಠ ಸಾಮಾಜಿಕ ಅಂತರಕ್ರಿಯೆ. ಸಮಾಜವೆಂಬುದು ಕಟ್ಟಿ ನಿಲ್ಲಿಸಿದ ಕಟ್ಟಡವಲ್ಲ, ಜನರ ನಡುವಿನ ಕೊಡುಕೊಳ್ಳುವಿಕೆಯಲ್ಲಿ ದಿನವೂ ಹುಟ್ಟುವಂಥದು ಎಂದು ಹಳೆಯ ಸಮಾಜಶಾಸ್ತ್ರಜ್ಞರು ಹೇಳಿದ್ದನ್ನು ವಿವರಿಸಿದೆ. ನಾವು ಆಡಿದ ಮಾತಿನ ಅರ್ಥ ನಮ್ಮ ಬಾಯಲ್ಲೇ ಮುಗಿಯುವುದಿಲ್ಲ, ಎದುರಿನವರು ಅದಕ್ಕೆ ಹೇಗೆ ಸ್ಪಂದಿಸುತ್ತಾರೆ ಎಂಬಲ್ಲಿ ಪೂರ್ತಿಯಾಗುತ್ತದೆ ಎಂದೆ. ಉದಾಹರಣೆ ಹುಡುಕುತ್ತ, ಹೊಟ್ಟೆಯೊಳಗಿದ್ದ ಮೋಟರಿನ ಕಥೆಯನ್ನೇ ಹೇಳಿಬಿಟ್ಟೆ.

ಇಡೀ ತರಗತಿ ನಕ್ಕಿತು. ಕುಂದುರ್ಪಿಯಿಂದ ಬಸ್ಸಿನಲ್ಲಿ ಬರುವ ಸುಜಾತ ಎದ್ದು ನಿಂತಳು.

"ಮೇಡಂ, ತೆಲುಗಲ್ಲಿ ಚಾಲು ಅಂದ್ರೆ ಸಾಕು ಅಂತ. ಇಲ್ಲಿ ಕನ್ನಡದೋರೂ ಹಂಗೇ ಅಂತಾರೆ. ಆಯಮ್ಮ ನಿಲ್ಸಿ ಅಂತ ಕೂಗವ್ರೆ. ನೀವು ತಿರುಗಿ ಚಾಲು ಅಂದಿದ್ದಕ್ಕೆ, ನಿನ್ನ ಕೂಗಾಟ ಸಾಕು ಅಂದ್ರಿ ಅಂತ ತಿಳ್ಕಂಡವ್ರೆ!"

ಹನ್ನೆರಡು ವರ್ಷದಿಂದ ಆ ಪಾಠ ಮಾಡುತ್ತಿದ್ದೆ. ಅದು ನನಗೆ ಅರ್ಥವಾದದ್ದು ಅಂದು.

ಸಂಜೆ ನೇರ ಮಗ್ಗದ ಕೋಣೆಗೆ ಹೋದೆ. ನಾಗರತ್ನಮ್ಮ ಕೈ ನಿಲ್ಲಿಸಲಿಲ್ಲ. ಬಾಗಿಲಲ್ಲೇ ನಿಂತು, "ನಮ್ಮ ಕಡೆ ಚಾಲು ಅಂದ್ರ ಓಡಾಕತ್ತೇತಿ ಅಂತ್ರೀ. ನಿಮಗ ಎದುರು ಮಾತಾಡಲಿಲ್ರೀ ನಾನು" ಎಂದೆ. ಲಾಳಿ ನಿಂತಿತು. ಅವರು ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ, ನಾಲ್ಕು ದಿನದಿಂದ ನಂಗೆ ಊಟ ಸೇರ್ತಿರಲಿಲ್ಲ ಕಣಮ್ಮ. ಇಷ್ಟು ಓದ್ದೋರು ನಂಗೆ ಹಿಂಗಂದ್ಬುಟ್ರಲ್ಲ ಅಂತ."

"ನೂಲು?"

"ಒಣಗೈತೆ. ಬಣ್ಣ ಬಿಟ್ಟಿಲ್ಲ. ಎಲ್ಲಿಗೂ ಹೋಗ್ಬೇಡ, ಇಲ್ಲೇ ಇರು. ಕುತ್ಕ, ಸಂಗಟಿ ತಿನ್ನು."

ಮೇಡಂ ಹೋಗಿ 'ನೀನು' ಆಗಿದ್ದೆ. ಸಂಗಟಿ ಎಂದರೆ ಇಲ್ಲಿನ ರಾಗಿಮುದ್ದೆ. ರೊಟ್ಟಿ ಅಗಿದು ಬೆಳೆದ ನನಗೆ ನುಂಗಲು ಬರಲಿಲ್ಲ. ಅಗಿಯುತ್ತ ಕೂತಿದ್ದವಳನ್ನು ನೋಡಿ ಅವರು ಮತ್ತೆ ನಕ್ಕರು. ಆದರೂ ಅಂದು ಎರಡು ಮುದ್ದೆ ತಿಂದೆ.

ಈಗ ಶೇಂಗಾವನ್ನು ಕಳ್ಳೇಕಾಯಿ ಎನ್ನಲು ಕಲಿತಿದ್ದೇನೆ. ಜೀಪಿನಲ್ಲಿ ಪಕ್ಕದವರು ಯಾರ ಪೈಕಿ ಎಂದರೆ, ಮಗ್ಗದ ನಾಗರತ್ನಮ್ಮನ ಮನೆಯವಳು ಎನ್ನುತ್ತೇನೆ. ಮುಂದೆ ಯಾರೂ ಕೇಳುವುದಿಲ್ಲ.

ರಜೆಗೆ ಧಾರವಾಡಕ್ಕೆ ಹೋಗಿದ್ದಾಗ ನಾಗರತ್ನಮ್ಮ ಫೋನು ಮಾಡಿದರು. "ಯಾವಾಗ ಬತ್ತೀಯಮ್ಮ?"

"ಸೋಮವಾರ ಮನೆಗೆ ಬತ್ತೀನಿ ಕಣಮ್ಮ" ಎಂದೆ.

ಎದುರಿಗೆ ಮೆಂತ್ಯ ಸೊಪ್ಪು ಸೋಸುತ್ತಿದ್ದ ಅಕ್ಕ ತಲೆಯೆತ್ತಿದಳು. "ಯಾವ ಮನೀಗಿ? ಹಂಗಾರ ಇದೇನು?"

ನಾನು ಸೊಪ್ಪಿನ ಕಟ್ಟೊಂದನ್ನು ನನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದೆ.